ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಾಯ್ದೆ

ಕಾಚಿಗೂಡದಿಂದ ಬಸ್ಸಿನಲ್ಲಿ

ಹೈದರಾಬಾದಿಗೆ ಹೋದವರು ಚಾರ್ಮಿನಾರ್ ನೋಡದೆ ವಾಪಸು ಬರುವುದುಂಟೇ ಎಂದು ನಮ್ಮ ಬೀದಿಯವರು ಈಗಲೂ ನನ್ನನ್ನು ಕೇಳುತ್ತಾರೆ. ಉಂಟು, ನಾನೇ ಬಂದಿದ್ದೇನೆ. ಐದು ದಿನ ಆ ಊರಿನಲ್ಲಿದ್ದು ನಾನು ಕಣ್ತುಂಬ ನೋಡಿದ್ದು ತಗಡಿನ ಸೂರಿನ ಒಂದು ಬಾಲವಾಡಿಯನ್ನು, ಅದನ್ನು ನಡೆಸುವ ಒಂಬತ್ತು ಮಂದಿ ತಾಯಿತಂದೆಯರನ್ನು. ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಚಾರ್ಮಿನಾರ್ ಎಲ್ಲಿಗೂ ಓಡಿಹೋಗುವುದಿಲ್ಲ.

ಮೈಸೂರಿನಲ್ಲಿ ನಾನು ಒಂದು ಶಿಶುವಿಹಾರದ ಮುಖ್ಯಸ್ಥೆ. ಮಕ್ಕಳು ನನಗೆ ಹೆದರುವುದಿಲ್ಲ, ಅವರ ಅಪ್ಪ ಅಮ್ಮಂದಿರು ಹೆದರುತ್ತಾರೆ. ಈ ವರ್ಷ ಪೋಷಕರದೇ ಒಂದು ಸಮಿತಿ ಮಾಡಿ, ಅವರಿಗೂ ಸ್ವಲ್ಪ ಅಧಿಕಾರ ಕೊಡಿ ಎಂದು ಟ್ರಸ್ಟಿನವರು ಹೇಳಿದರು. ಕೊಡೋಣ, ಅದಕ್ಕೇನಂತೆ ಎಂದು ನಾನೇ ಕೂತು ಮೂವತ್ತೆರಡು ನಿಯಮ ಬರೆದೆ. ಅಷ್ಟನ್ನೂ ಪಾಲಿಸಿದರೆ ಪೋಷಕರು ವಾರ್ಷಿಕೋತ್ಸವದಲ್ಲಿ ಬಿಸ್ಕತ್ತು ಹಂಚುವುದೊಂದನ್ನು ಬಿಟ್ಟು ಬೇರೇನೂ ಮಾಡುವ ಹಾಗಿರಲಿಲ್ಲ. ಹೈದರಾಬಾದಿನಲ್ಲಿರುವ ತಂಗಿ ಪಂಕಜನಿಗೆ ಫೋನಿನಲ್ಲಿ ಓದಿ ಹೇಳಿದರೆ ಅವಳು ಹನ್ನೆರಡನೆಯದಕ್ಕೇ ನಗಲು ಶುರುಮಾಡಿದಳು.

"ಅಕ್ಕಾ, ನೀನು ಒಂದ್ಸಲ ಬಂದು ನಮ್ಮ ಪಾಲಕರ ಸಭೆ ನೋಡು. ಆಮೇಲೆ ಬರೆಯುವೆಯಂತೆ."

ಪಂಕಜನ ಗಂಡ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರ. ಅವಳು ಮೆಹದಿಪಟ್ಟಣದ ಆಚೆ, ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯವರ ಗುಡಿಸಲುಗಳ ಮಧ್ಯೆ ಇರುವ ಬಾಲವಾಡಿಯಲ್ಲಿ ಪಾಠ ಹೇಳುತ್ತಾಳೆ. ಅವಳ ಅಣಕಕ್ಕೆ ಉತ್ತರ ಕೊಡಲೆಂದೇ ಟಿಕೆಟ್ ಮಾಡಿಸಿದೆ.

ಕಾಚಿಗೂಡದಲ್ಲಿ ರೈಲಿಳಿದು ಸಿಟಿ ಬಸ್ಸು ಹತ್ತಿದವಳು ಕಿಟಕಿ ಪಕ್ಕ ಕೂತು, ನಮ್ಮೂರಿನ ಅಭ್ಯಾಸದಂತೆ ಆಧಾರ್ ಕಾರ್ಡನ್ನು ಗತ್ತಿನಿಂದ ಮುಂದೆ ಹಿಡಿದೆ. ಇಲ್ಲಿಯೂ ಹೆಂಗಸರಿಗೆ ಬಸ್ಸು ಉಚಿತ ಎಂದು ಪಂಕಜ ಹೇಳಿದ್ದಳು. ಕಂಡಕ್ಟರ್ ಹೆಂಗಸು ಕಾರ್ಡನ್ನು ತಿರುಗಿಸಿ ನೋಡಿ, "ಇದಿ ಕರ್ನಾಟಕ ಕಾರ್ಡು ಅಮ್ಮಾ, ಇಕ್ಕಡ ಚೆಲ್ಲದು" ಎಂದಳು. ಇಲ್ಲಿ ನಡೆಯುವುದಿಲ್ಲವಂತೆ! ನಿಯಮ ಅಂದರೆ ನಿಯಮ ಎಂದು ಇಡೀ ಆಯುಷ್ಯ ಪೋಷಕರಿಗೆ ಹೇಳಿದವಳು ಬಾಯಿ ಮುಚ್ಚಿಕೊಂಡು ಟಿಕೆಟ್ ತೆಗೆದುಕೊಂಡೆ. ಮುಂದಿನ ಸೀಟಿನ ಬುರ್ಖಾದ ಅಜ್ಜಿಯೊಬ್ಬರು ಹಿಂತಿರುಗಿ ನೋಡಿ, ನನಗೆ ಸಮಾಧಾನವಾಗಲೆಂದೋ ಏನೋ, ಚೀಲದಿಂದ ಒಂದು ಸೀಬೆಹಣ್ಣು ತೆಗೆದುಕೊಟ್ಟರು. ನಮ್ಮೂರಿನಲ್ಲಿ ಬಸ್ಸಿನಲ್ಲಿ ಅವಮಾನವಾದವರಿಗೆ ಯಾರೂ ಹಣ್ಣು ಕೊಡುವುದಿಲ್ಲ.

ಮೆಹದಿಪಟ್ಟಣದ ಆಚೆ

ಮರುದಿನ ಪಂಕಜನ ಜೊತೆ ಬಾಲವಾಡಿಗೆ ಹೋದೆ. ಒಂದೇ ಕೋಣೆ, ಒಂದು ಬೇವಿನ ಮರ, ಇಪ್ಪತ್ತೆಂಟು ಮಕ್ಕಳು, ಒಬ್ಬಳು ಆಯಾ. ಪಂಕಜ ಹೂವುಗಳ ಚಿತ್ರ ಹಿಡಿದು "ಇದೇನು?" ಎಂದು ಕೇಳಿದರೆ ಒಳಗಿನ ಮಕ್ಕಳು ಬಾಯಿ ತೆರೆಯುವ ಮುಂಚೆ ಕಿಟಕಿಯಿಂದ ಉತ್ತರ ಬರುತ್ತಿತ್ತು. ಎಣಿಸಿ ಎಂದರೆ ಕಿಟಕಿಯೇ ಎಣಿಸುತ್ತಿತ್ತು. ಹೊರಗೆ ಹೋಗಿ ನೋಡಿದೆ. ಎಂಟು ವರ್ಷದ ಹುಡುಗಿ. ಎಡಸೊಂಟದ ಮೇಲೆ ಒಂದೂವರೆ ವರ್ಷದ ಗುಂಡು ಕೂಸು.

"ಏನಮ್ಮ ನಿನ್ನ ಹೆಸರು? ಸ್ಕೂಲಿಗೆ ಹೋಗಲ್ವಾ?"

"ರೇಣುಕಾರಿ. ಮೂರನೇತ್ತ ಅದೀನಿ. ಆಯಿ, ನಮ್ಮವ್ವನ ಅವ್ವ, ಊರಿಗಿ ಹೋಗ್ಯಾಳ್ರಿ, ಮಲ್ಲೂನ ಹಿಡಿಯಾಕ ಯಾರೂ ಇಲ್ಲ."

"ಹಾಗಾದ್ರೆ ಮಲ್ಲೂನ ಇಲ್ಲಿ ಬಿಟ್ಟು ನೀನು ಹೋಗು."

ಹುಡುಗಿ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅವಗ ಇನ್ನಾ ಮೂರ ತುಂಬಿಲ್ರಿ. ತುಂಬಲಾರ್ದವ್ರನ್ನ ತಗೊಳಂಗಿಲ್ಲಂತ ಕಾಯ್ದೆ ಐತಿ." ಆಮೇಲೆ ಕತ್ತು ನೇರ ಮಾಡಿಕೊಂಡು ಹೇಳಿದಳು: "ಆ ಕಾಯ್ದೆ ನಮ್ಮವ್ವನ ಹತ್ರನs ಐತ್ರಿ."

ಕಾಯ್ದೆಯನ್ನು ರೇಷನ್ ಕಾರ್ಡಿನ ಹಾಗೆ ಮನೆಯಲ್ಲಿಟ್ಟುಕೊಳ್ಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮಕ್ಕಳು ಮಲಗಿದ ಮೇಲೆ ಪಂಕಜ ಬಿಡಿಸಿ ಹೇಳಿದಳು.

ಈ ಬಾಲವಾಡಿಗೆ ಒಂಬತ್ತು ಜನ ಪಾಲಕರ ಸಭೆಯೇ ಯಜಮಾನ. ಅವರಲ್ಲಿ ಅರ್ಧದಷ್ಟು ಜನಕ್ಕೆ ಓದು ಬಾರದು, ಬಂದವರಿಗೂ ಒಬ್ಬರಿಗೆ ಕನ್ನಡ, ಒಬ್ಬರಿಗೆ ಉರ್ದು, ಇನ್ನೊಬ್ಬರಿಗೆ ತೆಲುಗು. ಹಾಗಾಗಿ ನಿಯಮಗಳನ್ನು ಬರೆದಿಟ್ಟಿಲ್ಲ. ಒಂಬತ್ತು ನಿಯಮ, ಒಂಬತ್ತು ಜನ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು. ಪ್ರತಿ ಸಭೆಯ ಮೊದಲು ಎಲ್ಲರೂ ತಮ್ಮ ತಮ್ಮ ನಿಯಮ ಹೇಳಬೇಕು. ಒಂದು ನಿಯಮವನ್ನು ಬದಲಿಸುವ ಮಾತೆತ್ತುವ ಹಕ್ಕು ಅದನ್ನು ಇಟ್ಟುಕೊಂಡವರಿಗೆ ಮಾತ್ರ. ಅದಕ್ಕೆ "ಕಾಯ್ದೆ ತೆರೆಯುವುದು" ಎನ್ನುತ್ತಾರೆ. ಕೆಲಸದ ಜಾಗ ಬದಲಾಗಿ ಊರು ಬಿಡುವವರು ತಮ್ಮ ನಿಯಮವನ್ನು ಇನ್ನೊಬ್ಬ ಪಾಲಕರಿಗೆ ಮೂರು ಸಲ ಹೇಳಿಕೊಟ್ಟು ಒಪ್ಪಿಸಿ, ಸಭೆಯಿಂದ ಎದ್ದು ಹೋಗಬೇಕು.

"ನೀನು ಎಷ್ಟನೆಯವಳು?" ಎಂದು ಕೇಳಿದೆ.

"ನಾನಾ? ಟೀಚರಿಗೆ ಸಭೆಯಲ್ಲಿ ಮಾತೇ ಇಲ್ಲ ಅಕ್ಕಾ. ಅದು ಮೊದಲನೇ ಕಾಯ್ದೆ."



ಸಂಜೆ ರೇಣುಕಾಳ ತಾಯಿ ದೇವಮ್ಮ ಕೆಲಸ ಮುಗಿಸಿ ಬಂದಳು. ಶಹಾಪುರದ ಕಡೆಯವಳು, ಮೂವತ್ತು ದಾಟಿಲ್ಲ, ಕೈಮೇಲೆಲ್ಲ ಸಿಮೆಂಟಿನ ಧೂಳು. ಸೋಮವಾರದಿಂದ ಬರದಿದ್ದರೆ ರೇಣುಕಾಳ ಹೆಸರು ಹೊಡೆದುಹಾಕುತ್ತೇವೆ ಎಂದು ಶಾಲೆಯವರು ಹೇಳಿಕಳಿಸಿದ್ದರು. ದೇವಮ್ಮ ಕೆಲಸ ಬಿಟ್ಟರೆ ಒಲೆ ಹೊತ್ತುವುದಿಲ್ಲ.

"ಭಾನುವಾರ ಸಭೆ ಇದೆಯಲ್ಲಮ್ಮ, ಕಾಯ್ದೆ ನಿನ್ನ ಹತ್ತಿರವೇ ಇದೆ, ತೆರೆದುಬಿಡು" ಎಂದೆ.

"ಹೆಂಗ ತೆರೀಲ್ರಿ ಅಕ್ಕೋರ? ತನ್ನ ಮನೀ ಮಾತ ಬಂದಾಗ ಬಾಯಿ ತೆರೀಬಾರ್ದಂತ ಇನ್ನೊಂದ ಕಾಯ್ದೆ ಐತಿ. ಹೋದ ವರ್ಷ ಸಾಬಣ್ಣನ ಮಗಳಿಗಿ ಎರಡೂವರಿ ಇತ್ತು. ನಾನs ನಿಂತು ಒಲ್ಲೆ ಅಂದೀನಿ. ಈಗ ನನ್ನ ಕೂಸಿಗಿ ಹ್ಞೂಂ ಅನ್ಲಿ?" ಎಂದವಳು ಕೈಮೇಲಿನ ಸಿಮೆಂಟಿನ ಧೂಳು ಕೊಡವಿದಳು. "ಊರಾಗ ನನ್ನ ಯಾರೂ ಒಂದ ಮಾತ ಕೇಳಿದ್ದಿಲ್ರಿ. ಇಲ್ಲಿ ಇಷ್ಟ ಮಂದಿ ಕೂತು, ದೇವಮ್ಮ ನೀ ಏನಂತಿ ಅಂತ ಕೇಳ್ತಾರ. ಆ ಹೆಸರ ಕೆಡಿಸ್ಕೊಳ್ಳಾಕ ಆಗೂದಿಲ್ಲ."

ಮೂರು ವರ್ಷದ ಕಾಯ್ದೆ ಬಂದದ್ದಕ್ಕೂ ಕಾರಣವಿತ್ತು. ಮೊದಲು ಅಂಬೆಗಾಲಿನ ಮಕ್ಕಳನ್ನೂ ಸೇರಿಸುತ್ತಿದ್ದರಂತೆ. ಒಂದು ದಿನ ಒಂದು ಕೂಸು ಯಾರ ಕಣ್ಣಿಗೂ ಬೀಳದೆ ತೆವಳಿಕೊಂಡು ಮರಳಿನ ಲಾರಿಯ ಚಕ್ರದವರೆಗೆ ಹೋಗಿಬಿಟ್ಟಿತ್ತು. ಕೂಸಿಗೆ ಏನೂ ಆಗಲಿಲ್ಲ, ಆದರೆ ನೋಡುವ ಕಣ್ಣು ಸಾಲದು ಎಂದು ಎಲ್ಲರಿಗೂ ಗೊತ್ತಾಯಿತು.

ಕೋಠಿ

ನನಗೆ ತಡೆಯಲಾಗಲಿಲ್ಲ. ಶುಕ್ರವಾರ ಕೋಠಿ ಪೇಟೆಗೆ ಹೋಗಿ ದೊಡ್ಡ ಡ್ರಾಯಿಂಗ್ ಹಾಳೆಗಳನ್ನೂ ಬಣ್ಣದ ಸ್ಕೆಚ್ ಪೆನ್ನುಗಳನ್ನೂ ತಂದೆ. ಪಾಪ, ಇವರ ನಿಯಮಗಳನ್ನೆಲ್ಲ ಚೆನ್ನಾಗಿ ಬರೆದುಕೊಟ್ಟು ಪುಣ್ಯ ಕಟ್ಟಿಕೊಳ್ಳೋಣ ಎಂಬ ಆಸೆ. ಕೋಠಿಯ ಅಂಗಡಿಯವನು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಕೇಳಿದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತೋರಿಸಿದ. ಕೇಳಿದ್ದು ಎಲ್ಲಿ ಎಂದರೆ "ಪಾಂಚ್ ಮಿನಿಟ್ ಅಮ್ಮಾ" ಎಂದು ನಗುತ್ತಿದ್ದ. ನಮ್ಮೂರಿನ ಅಂಗಡಿಯವರು ಹೀಗಲ್ಲ. ನಾವು ಬಾಯಿ ತೆರೆಯುವ ಮುಂಚೆಯೇ "ಇಲ್ಲ" ಎಂದು ಹೇಳಿ ನಮ್ಮ ಸಮಯ ಉಳಿಸುತ್ತಾರೆ. ಅಲ್ಲಿ ಮುಕ್ಕಾಲು ಗಂಟೆ ಕೂತೆ, ಹಾಳೆಯೂ ಸಿಕ್ಕಿತು, ಅವನ ಮೂವರು ತಂಗಿಯರ ಮದುವೆಯ ಕಥೆಯೂ ಸಿಕ್ಕಿತು.

ಪಂಕಜ ಹೇಳುತ್ತ ಹೋದಳು, ನಾನು ಬರೆದೆ. ಕೆಂಪು, ಹಸಿರು, ಅಂಚಿಗೆ ಬಳ್ಳಿ. ಶನಿವಾರ ಸಭೆಯ ಅಧ್ಯಕ್ಷೆ ಖಾಜಾಬಿಯ ಗುಡಿಸಲಿಗೆ ಒಯ್ದು ಕೊಟ್ಟೆ. ಖಾಜಾಬಿ ಕಲಬುರಗಿಯವರು, ಮನೆಯಲ್ಲೇ ಹೊಲಿಗೆ ಹಾಕುತ್ತಾರೆ, ಮಾತು ಮೆತ್ತಗೆ. ಹಾಳೆಯನ್ನು ಮಂಚದ ಮೇಲೆ ಹರಡಿ ಮೆಚ್ಚುಗೆಯಿಂದ ನೋಡಿದರು.

"ಭಾಳ ಚಂದ ಬರ್ದೀರಿ ಅಕ್ಕೋರ. ಖರೇ ಹೇಳ್ಬೇಕಂದ್ರ, ಇದನ್ನ ಗ್ವಾಡಿಗಿ ಹಚ್ಚಿದ್ರ ನಾಳಿಂದ ಇದು ಗ್ವಾಡಿ ಕಾಯ್ದೆ ಆಗ್ತೈತಿ. ಈಗ ದೇವಮ್ಮನ ಕಾಯ್ದೆ, ಶರಣಪ್ಪನ ಕಾಯ್ದೆ ಅಂತೀವಿ. ಮುರಿಯಾವ್ರು ಅವರ ಮಾರಿ ನೋಡಿ ಮುರೀಬೇಕು. ಗ್ವಾಡಿಗಿ ಯಾರ ಅಂಜ್ತಾರ್ರಿ?" ಎಂದು ಗೋಡೆ ತೋರಿಸಿದರು.

ನನ್ನ ಮುಖ ಸಣ್ಣದಾದದ್ದು ಕಂಡು ಅವರು ತಕ್ಷಣ ಹಾಳೆಯನ್ನು ಬೋರಲು ಹಾಕಿ, "ಹಿಂದಿನ ಬಾಜೂ ಖಾಲಿ ಐತಲ್ಲ, ಹುಡುಗ್ರು ಚಿತ್ರ ಬರೀತಾರ. ಬಹುತ್ ಖುಷ್ ಆಗ್ತಾರ" ಎಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ಬಳ್ಳಿಯ ಬೆನ್ನ ಮೇಲೆ ಹನ್ನೊಂದು ಆಡು, ಒಂದು ಜೆಸಿಬಿ ಮೂಡಿದ್ದವು. ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಜೆಸಿಬಿ ನಿಜಕ್ಕೂ ಚೆನ್ನಾಗಿತ್ತು.

ಭಾನುವಾರ

ಸಭೆ ಬೇವಿನ ಮರದ ಕೆಳಗೆ. ಎಲ್ಲರೂ ಚಾಪೆಯ ಮೇಲೆ. ಸುತ್ತ ಉಳಿದ ಪಾಲಕರು ನೋಡಲು ಕೂತಿದ್ದರು. ಟೀಚರಾದ ಪಂಕಜ ಪರೀಕ್ಷೆಗೆ ಕೂತವಳ ಹಾಗೆ ತುಟಿ ಬಿಗಿದು ಒಂದು ಮೂಲೆಯಲ್ಲಿದ್ದಳು. ಮನೆಯಲ್ಲಿ ಅವಳು ಇಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ.

ಒಂಬತ್ತು ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ಕಾಯ್ದೆ ಹೇಳಿದರು. ಏಳು ಜನ ಇಲ್ಲದೆ ಸಭೆ ಇಲ್ಲ. ಮೂರು ಸಭೆ ತಪ್ಪಿಸಿದವರ ಜಾಗ ಬೇರೆಯವರಿಗೆ. ಅಡುಗೆಯ ರುಚಿಯನ್ನು ದಿನಕ್ಕೊಬ್ಬ ಪಾಲಕರು ನೋಡಬೇಕು. ಅಪ್ಪಣೆ ಇಲ್ಲದೆ ನಡುವೆ ಮಾತಾಡಿದವರು ಮಕ್ಕಳ ಹಾಡನ್ನು ಕುಣಿದು ಹಾಡಬೇಕು. ಆ ಕೊನೆಯದನ್ನು ಹೇಳಿದ ಶರಣಪ್ಪ ಆರಡಿ ಎತ್ತರದ, ಗಾರೆ ಕೆಲಸದ ಗೌಂಡಿ. ನಗಲೇ ಇಲ್ಲ. ದೇವಮ್ಮ ಎದ್ದು ಗಟ್ಟಿಯಾಗಿ ಹೇಳಿದಳು: "ಮೂರ ವರ್ಷ ತುಂಬಲಾರ್ದ ಕೂಸನ್ನ ತಗೊಳಂಗಿಲ್ಲ. ಯಾರ ಕೂಸಾದ್ರೂ ತಗೊಳಂಗಿಲ್ಲ."

ಮರದ ಆಚೆ ರೇಣುಕಾ ಮಲ್ಲುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು.

ಖಾಜಾಬಿ ವಿಷಯ ಎತ್ತಿದರು. ನಾಳೆ ಹೋಗದಿದ್ದರೆ ಹುಡುಗಿಯ ಹೆಸರು ಶಾಲೆಯಲ್ಲಿ ಉಳಿಯುವುದಿಲ್ಲ. ಉಳಿಯಬೇಕಾದರೆ ದೇವಮ್ಮನ ಕಾಯ್ದೆ ತೆರೆಯಬೇಕು. ತೆರೆಯುವವಳು ದೇವಮ್ಮ. ಅವಳ ಮನೆಯ ಮಾತಾದ್ದರಿಂದ ಅವಳು ತೆರೆಯುವ ಹಾಗಿಲ್ಲ. ಎಲ್ಲರೂ ನೆಲ ನೋಡಿದರು. "ಇದೊಂದು ಸಲಕ್ಕೆ ವಿಶೇಷ ಪ್ರಕರಣ ಅಂತ ಮಾಡಬಹುದಲ್ಲ!" ಎಂದು ಕೂತಲ್ಲಿಂದಲೇ ಕೂಗಿಬಿಟ್ಟೆ.

ಶರಣಪ್ಪ ಎದ್ದು ನಿಂತ. "ದೊಡ್ಡಕ್ಕೋರ, ಆನಿ ಹಾಡ."

ಅತಿಥಿ ಎಂದೆ, ಮಂಡಿ ನೋವೆಂದೆ. ಕೇಳಲಿಲ್ಲ. ಕೊನೆಗೆ ಎದ್ದು, ಬಲಗೈಯನ್ನು ಸೊಂಡಿಲು ಮಾಡಿ, ಎಡಗೈಯನ್ನು ಹಿಂದೆ ಬಾಲ ಮಾಡಿ, ಐವತ್ತೇಳರ ಮೈಯನ್ನು ತೂಗಾಡಿಸುತ್ತ ಆನೆಯ ಹಾಡು ಹಾಡಿದೆ. ಇಪ್ಪತ್ತೆಂಟು ಮಕ್ಕಳೂ ಎಲ್ಲಿಂದಲೋ ಓಡಿಬಂದು ನನ್ನ ಹಿಂದೆ ಸಾಲುಗಟ್ಟಿದವು. ಪಂಕಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೂ ಬಹಳ ಖುಷಿಯಾಯಿತು. ಮುಖ್ಯಸ್ಥೆಯಾದ ಮೇಲೆ ನಾನು ಒಮ್ಮೆಯೂ ಆನೆಯಾಗಿರಲಿಲ್ಲ.

ನಗು ಅಡಗುವ ಹೊತ್ತಿಗೆ ದೇವಮ್ಮ ಎದ್ದು ನಿಂತಿದ್ದಳು.

"ನಾ ನನ್ನ ಕಾಯ್ದೆ ಒಪ್ಪಸ್ತೀನಿ" ಎಂದಳು.

ಒಪ್ಪಿಸಿದರೆ ಸಭೆಯಲ್ಲಿ ಅವಳ ಜಾಗ ಹೋಗುತ್ತದೆ. ಊರು ಬಿಡದೆ ಹೀಗೆ ಎದ್ದವರು ಅದುವರೆಗೆ ಯಾರೂ ಇರಲಿಲ್ಲ.

"ವಿಚಾರ ಮಾಡೀದೇನು ದೇವಮ್ಮ?" ಎಂದು ಖಾಜಾಬಿ ಕೇಳಿದರು.

"ಮಾಡೀನ್ರಿ."

"ಯಾರಿಗಿ ಒಪ್ಪಸ್ತಿ?"

"ಸಾಬಣ್ಣಗ."

ನೋಡಲು ಕೂತವರ ಕೊನೆಯ ಸಾಲಿನಲ್ಲಿ ಒಬ್ಬ ಮನುಷ್ಯ ತಲೆ ಎತ್ತಿದ. ದೊಡ್ಡ ಮೀಸೆ, ನಿದ್ದೆಗೆಟ್ಟ ಕೆಂಪು ಕಣ್ಣು. ಕಟ್ಟುತ್ತಿರುವ ಅಪಾರ್ಟ್‌ಮೆಂಟಿಗೆ ರಾತ್ರಿ ವಾಚ್‌ಮನ್. ಹೋದ ವರ್ಷ ಅವನ ಮಗಳಿಗೆ ಆರು ತಿಂಗಳು ಕಡಿಮೆ ಇತ್ತೆಂದು ದೇವಮ್ಮ ಒಲ್ಲೆ ಎಂದಾಗಿನಿಂದ ಅವಳ ಜೊತೆ ಮಾತು ಬಿಟ್ಟವನು. ಈಗ ಮಗಳು ಇದೇ ಬಾಲವಾಡಿಗೆ ಬರುತ್ತಾಳೆ, ಮಾತು ಮಾತ್ರ ಬಂದಿರಲಿಲ್ಲ.

"ಅವಗ ಯಾಕವಾ?" ಎಂದು ಯಾರೋ ಪಿಸುಗುಟ್ಟಿದರು.

"ಬ್ಯಾರೇದವ್ರಿಗಿ ಕೊಟ್ರ, ತನಗ ಬೇಕಾದವ್ರಿಗಿ ಕೊಟ್ಲು ಅಂತೀರಿ. ಸಾಬಣ್ಣ ನನಗ ಬೇಕಾದವ ಅಲ್ಲ. ಅಂವ ಒಲ್ಲೆ ಅಂದ್ರ ನ್ಯಾಯನs ಐತಿ" ಎಂದಳು ದೇವಮ್ಮ. ಕತ್ತು ನೆಟ್ಟಗಿತ್ತು.

ಸಾಬಣ್ಣ ಎದುರು ಬಂದು ನಿಂತ. ಅವಳು ಹೇಳಿದಳು, ಅವನು ಹೇಳಿದ. ಮೊದಲ ಸಲ ಮೀಸೆಯೊಳಗೇ ಗೊಣಗಿದ. ಎರಡನೆಯ ಸಲ ಅರ್ಧಕ್ಕೆ ನಿಂತು ಮತ್ತೆ ಶುರುಮಾಡಿದ. ಮೂರನೆಯ ಸಲ ಹೇಳುವಾಗ ಅವನ ಕಣ್ಣು ಮರದ ಆಚೆ ನಿಂತ ರೇಣುಕಾಳ ಮೇಲಿತ್ತು. "ಯಾರ ಕೂಸಾದ್ರೂ ತಗೊಳಂಗಿಲ್ಲ" ಎಂಬಲ್ಲಿಗೆ ಬಂದಾಗ ಕಣ್ಣನ್ನು ನೆಲಕ್ಕೆ ಇಳಿಸಿದ. ದೇವಮ್ಮ ಕೈಮುಗಿದು, ಚಾಪೆ ಬಿಟ್ಟು, ಮಕ್ಕಳ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೂತಳು. ನನಗೆ ಅಳು ತಡೆಯಲಾಗಲಿಲ್ಲ.

"ಸಾಬಣ್ಣ, ನಿನ್ನ ಕಾಯ್ದೆ ತೆರೀತಿ? ಹಂಗs ಇಡ್ತಿ?" ಎಂದರು ಖಾಜಾಬಿ.

ಅವನು ಬಹಳ ಹೊತ್ತು ಮೀಸೆ ಉಜ್ಜಿಕೊಂಡ.

"ಹೋದ ವರ್ಷ ಇದು ನನ್ನ ಮನೀಗಿ ಬಡದೈತಿ. ನನ್ನ ಹೇಣ್ತಿ ಆರ ತಿಂಗಳ ಕೆಲಸ ಬಿಟ್ಟು ಕೂತ್ಲು. ನಾ ದೇವಮ್ಮಗ ಬಾಯಿಗಿ ಬಂದಂಗ ಬೈದೀನಿ. ಈಗ ಮೂರ ಸಲ ಹೇಳಿದ್ ಮ್ಯಾಲ ತಿಳೀತು. ಇದನ್ನ ಕೇಳೂದಕ್ಕಿಂತ ಹೇಳೂದು ಭಾಳ ತ್ರಾಸ ಐತಿ." ಅವನು ಸುತ್ತ ನೋಡಿದ. "ತೆರೀತೀನ್ರಿ. ಆದ್ರ ಒಂದ ಮನೀಗಲ್ಲ, ಎಲ್ಲಾ ಮನೀಗಿ. ನೋಡೂ ಕಣ್ಣ ಇಲ್ಲಂತ ಈ ಕಾಯ್ದೆ ಮಾಡೀರಿ. ನನ್ನ ಡ್ಯೂಟಿ ಮುಂಜಾನಿ ಆರಕ್ಕ ಮುಗೀತೈತಿ. ಏಳರಿಂದ ಹತ್ತರ ತನಕ ಸಣ್ಣವ್ರ ಹತ್ರ ನಾ ಕೂಡ್ತೀನಿ, ಆಮ್ಯಾಲ ಮಲಕೋತೀನಿ. ಹತ್ತರ ಮ್ಯಾಲ ಯಾರ ಕೂಡ್ತೀರಿ?"

"ನಾ ಕೂಡ್ತೀನಿ. ಹೊಲಿಗಿ ಸಂಜಿಗಿ ಮಾಡ್ತೀನಿ" ಎಂದರು ಖಾಜಾಬಿ.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೊಮ್ಮೆ ಆನೆಯಾಗಲು ಮಂಡಿಗಳು ಒಪ್ಪುತ್ತಿರಲಿಲ್ಲ. ಒಂಬತ್ತೂ ಕೈ ಮೇಲೆ ಹೋದವು. ಕಾಯ್ದೆ ಹೀಗಾಯಿತು: ಮೂರು ತುಂಬದ ಕೂಸನ್ನು, ಹತ್ತಿರ ಕೂರುವ ದೊಡ್ಡವರು ಒಬ್ಬರು ಇದ್ದರೆ ಮಾತ್ರ ತೆಗೆದುಕೊಳ್ಳಬೇಕು; ಆ ದೊಡ್ಡವರು ಬಾರದ ದಿನ ಕೂಸೂ ಇಲ್ಲ. ಸಾಬಣ್ಣ ಅದನ್ನು ಮೂರು ಸಲ ಹೇಳಿದ. ಆಮೇಲೆ ನೇರ ದೇವಮ್ಮನ ಹತ್ತಿರ ಹೋಗಿ, "ಯಕ್ಕಾ, ನಾ ಹೇಳೂದ್ರಾಗ ಎಲ್ಲೆರ ತಪ್ಪಿದ್ರ ನೀ ಹೇಳಬೇಕು" ಎಂದ. ಒಂದು ವರ್ಷದ ಮೇಲೆ ಅದು ಮೊದಲ ಮಾತು. ದೇವಮ್ಮ ಅಳುತ್ತ ನಗುತ್ತ ತಲೆಯಾಡಿಸಿದಳು.

ಹೊರಡುವಾಗ ಅವಳನ್ನು ಕೇಳಿದೆ, ಜಾಗ ಹೋಯಿತಲ್ಲ, ಬೇಜಾರಿಲ್ಲವೇ ಎಂದು.

"ಐತ್ರಿ" ಎಂದಳು ಮುಚ್ಚುಮರೆಯಿಲ್ಲದೆ. "ಮುಂದಿನ ವರ್ಷ ಮತ್ತ ಆರಿಸೂದು ಐತಿ. ಆಗ ಅಡಿಗಿ ಕಾಯ್ದೆ ಕೇಳ್ತೀನಿ."

ಅಂದು ಸಂಜೆ ಪಂಕಜನ ಅಡುಗೆಮನೆಯಲ್ಲಿ ಕೂತು ನಾನು ತಂದಿದ್ದ ನಿಯಮಗಳಲ್ಲಿ ಇಪ್ಪತ್ತಮೂರನ್ನು ಹೊಡೆದುಹಾಕಿದೆ. ಪಂಕಜ ಎರಡು ಸಲ ಚಹಾ ಮಾಡಿಕೊಟ್ಟಳು.

ಸೋಮವಾರ ಬೆಳಿಗ್ಗೆ

ನನ್ನ ರೈಲು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಬಾಲವಾಡಿಗೆ ಹೋದಾಗ ಸಾಬಣ್ಣ ವಾಚ್‌ಮನ್ ಅಂಗಿಯಲ್ಲೇ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮಲ್ಲು ಅವನ ಮೀಸೆಯ ಒಂದು ತುದಿಯನ್ನು ಹಿಡಿದು ಬಲವಾಗಿ ಎಳೆಯುತ್ತ ಕೇಕೆ ಹಾಕುತ್ತಿದ್ದ. "ಬಿಡೋ ಸಾಹುಕಾರಾ" ಎಂದು ಅವನು ಬೇಡಿಕೊಳ್ಳುತ್ತಿದ್ದ.

ರೇಣುಕಾ ಶಾಲೆಯ ಉಡುಪು ತೊಟ್ಟು, ಬೆನ್ನಿಗೆ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೋಗಲು ಮನಸ್ಸಿಲ್ಲ, ನಿಲ್ಲಲು ಮನಸ್ಸಿಲ್ಲ. ಮಲ್ಲು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಬಾ, ರಸ್ತೆಯವರೆಗೆ ಬರುತ್ತೇನೆ ಎಂದು ನಾನೇ ಹೊರಡಿಸಿದೆ.

ಅವಳು ಮುಂದೆ, ನಾನು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ನನ್ನ ಗಮನಕ್ಕೆ ಬಂತು. ಹುಡುಗಿ ಎಡಸೊಂಟವನ್ನು ಹೊರಕ್ಕೆ ಚಾಚಿ, ಮೈಯನ್ನು ಬಲಕ್ಕೆ ವಾಲಿಸಿಕೊಂಡು ನಡೆಯುತ್ತಿದ್ದಳು. ಎಡಗೈ ಕೂಸಿನ ಬೆನ್ನು ಬಳಸಿದ ಹಾಗೇ ಮಡಿಚಿತ್ತು. ಸೊಂಟದ ಮೇಲೆ ಯಾರೂ ಇರಲಿಲ್ಲ.

ರಸ್ತೆಯ ತಿರುವಿನಲ್ಲಿ ಅವಳಿಗೇ ಗೊತ್ತಾಯಿತು. ಥಟ್ಟನೆ ನಿಂತು ತನ್ನ ಕೈಯನ್ನು ತಾನೇ ನೋಡಿಕೊಂಡಳು. ಮೆಲ್ಲಗೆ ನೆಟ್ಟಗಾದಳು. ಆಮೇಲೆ ತಿರುಗಿ ಎರಡೂ ಕೈಗಳನ್ನು ಮೇಲೆತ್ತಿ ನನಗೆ ತೋರಿಸಿದಳು.

"ದೊಡ್ಡಕ್ಕೋರ, ನೋಡ್ರಿ, ಎರಡೂ ಕೈ ಖಾಲಿ ಅದಾವ!"

ಕೈಗಳನ್ನು ಹಾಗೇ ಬೀಸುತ್ತ ಶಾಲೆಯ ಕಡೆಗೆ ಓಡಿದಳು.